ಬಾವುಟ ಇಳಿಸಿದ ಮೇಲೆ ಮೇಯರ್ ಏನು ಮಾಡುತ್ತಾರೆ?

ಜೂನ್ ಬಂತೆಂದರೆ ಜಗತ್ತಿನ ಎಷ್ಟೋ ಊರುಗಳಿಂದ ಒಂದೇ ಥರದ ಫೋಟೋ ಬರುತ್ತದೆ. ನಗರಸಭೆ ಕಟ್ಟಡ. ಅದರ ಮುಂದೊಂದು ಕಂಬ. ಕಂಬದ ಮೇಲೆ ಕಾಮನಬಿಲ್ಲಿನ ಬಾವುಟ, ಅಂದರೆ ಸಲಿಂಗಿಗಳು, ಟ್ರಾನ್ಸ್‌ಜೆಂಡರ್ ಜನ ಮೊದಲಾದ ಎಲ್‌ಜಿಬಿಟಿ ಸಮುದಾಯದ ಹೆಮ್ಮೆಯ ಗುರುತಾದ ಪ್ರೈಡ್ ಬಾವುಟ. ಜೂನ್ ಅವರ ಪ್ರೈಡ್ ತಿಂಗಳು. ಕೆಳಗೆ ಮೇಯರ್, ಅಕ್ಕಪಕ್ಕ ನಾಲ್ಕೈದು ಕೌನ್ಸಿಲರುಗಳು, ಎಲ್ಲರ ಮುಖದಲ್ಲೂ ಹಬ್ಬದ ಕಳೆ. ಜುಲೈ ಬಂದ ಕೂಡಲೇ ಬಾವುಟ ಮಡಚಿ ಕಪಾಟು ಸೇರುತ್ತದೆ.

ಈ ಫೋಟೋ ನೋಡಿ ಜನ ಎರಡು ಮಾತು ಆಡುತ್ತಾರೆ. ಒಂದು, ಇದೆಲ್ಲ ಓಟಿಗಾಗಿ ಮೂಗಿಗೆ ತುಪ್ಪ ಸವರುವ ಕೆಲಸ. ಇನ್ನೊಂದು, ಅಷ್ಟಾದರೂ ಮಾಡಿದರಲ್ಲ. ನನಗೆ ಎರಡೂ ಸ್ವಲ್ಪ ಸೋಮಾರಿ ಮಾತು ಅನ್ನಿಸುತ್ತದೆ. ಇಬ್ಬರೂ ಫೋಟೋ ನೋಡಿ ಅಲ್ಲಿಗೇ ನಿಲ್ಲುತ್ತಾರೆ. ಆ ಮೇಯರ್ ಕೈಯಲ್ಲಿ ನಿಜವಾಗಿ ಏನಿದೆ, ಏನಿಲ್ಲ ಅಂತ ಕೇಳುವುದಿಲ್ಲ.

ಮದುವೆಯ ಕಾನೂನು ಬದಲಿಸುವುದು ಮೇಯರಿಂದ ಆಗುವ ಕೆಲಸವಲ್ಲ. ಆಸ್ತಿ ಹಕ್ಕು, ದತ್ತು, ವೀಸಾ ಇವೂ ಸಾಮಾನ್ಯವಾಗಿ ನಗರಸಭೆಯ ಕೈಯಲ್ಲಿರುವುದಿಲ್ಲ. ಅವರ ಹತ್ತಿರ ಇರುವುದು ಒಂದು ಕಂಬ, ಒಂದಷ್ಟು ರಸ್ತೆ, ಒಂದು ಸಭಾಂಗಣ, ಒಂದು ಸಹಿ, ಅರ್ಜಿ ತೆಗೆದುಕೊಳ್ಳುವ ಕೌಂಟರು, ಸಣ್ಣದೊಂದು ಬಜೆಟ್ಟು. ಹಾಗಾಗಿ ಬರೀ ತೋರಿಕೆ ಅಂತ ಬೈಯುವಾಗ ಕೆಲವು ಸಲ ನಾವು ಅವರಿಗೆ ಇಲ್ಲದ ಅಧಿಕಾರವನ್ನು ಯಾಕೆ ಬಳಸಲಿಲ್ಲ ಅಂತ ಬೈಯುತ್ತಿರುತ್ತೇವೆ. ಕೆಲವು ಸಲ ಮಾತ್ರ. ಇನ್ನು ಕೆಲವು ಸಲ ಆ ಬೈಗುಳ ಸರಿಯಾಗಿಯೇ ಇರುತ್ತದೆ.

ಬಾವುಟಕ್ಕೆ ಬೆಲೆಯೇ ಇಲ್ಲ ಎನ್ನುವವರು ಅದನ್ನು ವಿರೋಧಿಸುವವರ ಕಡೆ ಒಮ್ಮೆ ನೋಡಬೇಕು. ಅವರಿಗೆ ಅದರ ಬೆಲೆ ಚೆನ್ನಾಗಿ ಗೊತ್ತು. ಅಮೆರಿಕದ ಮಿಶಿಗನ್ ರಾಜ್ಯದ ಹ್ಯಾಮ್‌ಟ್ರ್ಯಾಮಿಕ್ ಎಂಬ ಸಣ್ಣ ಊರಿನಲ್ಲಿ 2021ರಲ್ಲಿ ಕೌನ್ಸಿಲಿನ ಓಟು ಸಮವಾಗಿ ಬಿದ್ದು, ಮೇಯರ್ ತಮ್ಮ ಓಟು ಹಾಕಿದ್ದರಿಂದ ಪ್ರೈಡ್ ಬಾವುಟ ಹಾರಿತು. 2023ರ ಜೂನ್‌ನಲ್ಲಿ ಹೊಸ ಕೌನ್ಸಿಲ್ ಅದನ್ನು ನಗರದ ಜಾಗದಲ್ಲಿ ಹಾರಿಸುವಂತಿಲ್ಲ ಎಂದು ನಿರ್ಣಯ ಮಾಡಿತು. ಯೂಟಾ ರಾಜ್ಯ 2025ರಲ್ಲಿ ಸರಕಾರಿ ಕಟ್ಟಡಗಳ ಮೇಲೆ ಇಂಥ ಬಾವುಟ ಹಾರಿಸದಂತೆ ಕಾನೂನನ್ನೇ ತಂದಿತು. ಅದೇ ವರ್ಷ ಮೇ ತಿಂಗಳಲ್ಲಿ ಸಾಲ್ಟ್ ಲೇಕ್ ಸಿಟಿಯ ಕೌನ್ಸಿಲ್ ಒಂದು ಸಂದಿ ಹುಡುಕಿತು. ಊರಿನ ಅಧಿಕೃತ ಬಾವುಟ ಹಾರಿಸಲು ಅಡ್ಡಿಯಿಲ್ಲ ತಾನೆ? ಹಾಗಾದರೆ ಪ್ರೈಡ್ ಬಣ್ಣದ ಮೇಲೆ ಊರಿನ ಗುರುತಿನ ಹೂವು ಹಾಕಿ, ಅದನ್ನೂ ಊರಿನ ಅಧಿಕೃತ ಬಾವುಟವೆಂದು ಘೋಷಿಸಿಬಿಟ್ಟರು. ಪಕ್ಕದ ಐಡಹೊ ರಾಜ್ಯದ ಬಾಯ್ಸಿ ನಗರವೂ ಸುಮಾರು ಅದೇ ಹೊತ್ತಿಗೆ ಪ್ರೈಡ್ ಬಾವುಟವನ್ನು ತನ್ನ ಅಧಿಕೃತ ಬಾವುಟಗಳ ಪಟ್ಟಿಗೆ ಸೇರಿಸಿತು. ಇದನ್ನು ಓದಿ ನಾನು ಜೋರಾಗಿ ನಕ್ಕಿದ್ದೆ. ಸುಮ್ನೆ ಬಟ್ಟೆ ತುಂಡು ಆಗಿದ್ದರೆ ಒಂದು ರಾಜ್ಯದ ಶಾಸನಸಭೆ ಯಾಕೆ ಅದರ ಹಿಂದೆ ಬೀಳಬೇಕಿತ್ತು?

ಫ್ಲಾರಿಡ ರಾಜ್ಯದ ಒರ್ಲ್ಯಾಂಡೊದ್ದು ನಗುವ ಸಂಗತಿಯಲ್ಲ. ಅಲ್ಲಿ ಸಲಿಂಗಿಗಳು ಸೇರುತ್ತಿದ್ದ ಪಲ್ಸ್ ನೈಟ್‌ಕ್ಲಬ್‌ನಲ್ಲಿ 2016ರ ಜೂನ್ 12ರಂದು 49 ಜನರನ್ನು ಗುಂಡಿಟ್ಟು ಕೊಂದರು. ಆ ಜಾಗದ ಪಕ್ಕದ ರಸ್ತೆ ದಾಟುವ ಪಟ್ಟಿಗೆ ನೆನಪಿಗಾಗಿ ಕಾಮನಬಿಲ್ಲಿನ ಬಣ್ಣ ಬಳಿದಿದ್ದರು. 2025ರ ಆಗಸ್ಟ್‌ನಲ್ಲಿ ರಾಜ್ಯದ ಸಾರಿಗೆ ಇಲಾಖೆಯವರು ರಾತ್ರೋರಾತ್ರಿ ಬಂದು ಅದರ ಮೇಲೆ ಕಪ್ಪು ಬಿಳಿ ಬಳಿದು ಹೋದರು. ಬೆಳಗ್ಗೆ ಜನ ಸೀಮೆಸುಣ್ಣ ಹಿಡಿದು ಬಂದು ಬಣ್ಣ ತುಂಬಿದರು. ರಸ್ತೆಯ ಬಣ್ಣ ಯಾರಿಗೂ ಮುಖ್ಯವಲ್ಲದಿದ್ದರೆ ಇಷ್ಟು ಜನ ಇಷ್ಟು ಹೊತ್ತು ಅದರ ಮೇಲೆ ಕಳೆಯುತ್ತಿರಲಿಲ್ಲ.

ಆದರೆ ಸಂಕೇತಕ್ಕೆ ಬೆಲೆ ಇದೆ ಅಂತ ನನಗೆ ನಿಜವಾಗಿ ಅನ್ನಿಸಿದ್ದು ಬೆಂಬಲದ ಕಥೆಗಳಿಂದಲ್ಲ. ಪೋಲೆಂಡಿನ ಕಥೆಯಿಂದ.

2019ರ ಫೆಬ್ರುವರಿಯಲ್ಲಿ ವಾರ್ಸಾದ ಮೇಯರ್ ರಫಾವ್ ಟ್ಸಾಸ್ಕೊವ್‌ಸ್ಕಿ ಎಲ್‌ಜಿಬಿಟಿ ಜನರ ಪರವಾದ ಒಂದು ಘೋಷಣಾಪತ್ರಕ್ಕೆ ಸಹಿ ಹಾಕಿದರು. ಮನೆಯಿಂದ ಹೊರಹಾಕಿಸಿಕೊಂಡ ಹುಡುಗ ಹುಡುಗಿಯರಿಗೆ ಆಸರೆ, ಶಾಲೆಗಳಲ್ಲಿ ತಾರತಮ್ಯ ತಡೆ ಇಂಥ ಭರವಸೆಗಳು ಅದರಲ್ಲಿದ್ದವು. ಅದಕ್ಕೆ ಎದುರೇಟು ಎಂಬಂತೆ ಮಾರ್ಚ್‌ನಿಂದ ಒಂದರ ಹಿಂದೆ ಒಂದು ಸ್ಥಳೀಯ ಕೌನ್ಸಿಲ್‌ಗಳು ತಮ್ಮ ಊರು, ತಮ್ಮ ಜಿಲ್ಲೆ ಎಲ್‌ಜಿಬಿಟಿ ಸಿದ್ಧಾಂತದಿಂದ ಮುಕ್ತ ಎಂದು ನಿರ್ಣಯ ಮಾಡತೊಡಗಿದವು. ಸುಮಾರು ನೂರು ಸ್ಥಳೀಯ ಸಂಸ್ಥೆಗಳು ಇದೇ ದಾರಿ ಹಿಡಿದವು. ಈ ನಿರ್ಣಯಗಳಿಗೆ ಕಾನೂನಿನ ಬಲ ಇರಲಿಲ್ಲ. ಯಾರನ್ನೂ ಬಂಧಿಸುವಂತಿರಲಿಲ್ಲ, ಊರು ಬಿಡಿಸುವಂತಿರಲಿಲ್ಲ. ಸಮರ್ಥಿಸಿಕೊಳ್ಳುವವರು ಹೇಳುತ್ತಿದ್ದುದೂ ಅದನ್ನೇ: ಇದು ಬರೀ ಒಂದು ಹೇಳಿಕೆ, ಯಾರಿಗೂ ತೊಂದರೆ ಇಲ್ಲ.

ತೊಂದರೆ ಇತ್ತು. ಆ ಊರಿನಲ್ಲಿ ಹುಟ್ಟಿ ಬೆಳೆದ ಸಲಿಂಗಿ ಹುಡುಗನೊಬ್ಬ ಬೆಳಗ್ಗೆ ಎದ್ದು, ತನ್ನ ಊರಿನ ಕೌನ್ಸಿಲ್ ಕೈ ಎತ್ತಿ ತನ್ನಂಥವರಿಂದ ಮುಕ್ತ ಅಂತ ಘೋಷಿಸಿಕೊಂಡಿದೆ ಎಂದು ತಿಳಿದರೆ ಅವನಿಗೆ ಕಾನೂನಿನ ಸೂಕ್ಷ್ಮ ಬೇಕಾಗುವುದಿಲ್ಲ. ಯುರೋಪಿನ ಕೆಲವು ಊರುಗಳು ಸ್ನೇಹದ ಒಪ್ಪಂದ ಮಾಡಿಕೊಂಡಿದ್ದ ಪೋಲೆಂಡಿನ ಜೊತೆ ಊರುಗಳ ನಂಟು ಮುರಿದುಕೊಂಡವು ಅಥವಾ ತಡೆಹಿಡಿದವು. 2020ರ ಜುಲೈನಲ್ಲಿ ಯುರೋಪಿಯನ್ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಕಮಿಷನ್ ಇಂಥ ಆರು ಊರುಗಳ ಅನುದಾನದ ಅರ್ಜಿ ತಳ್ಳಿಹಾಕಿತು. 2021ರ ಸೆಪ್ಟೆಂಬರ್ ಹೊತ್ತಿಗೆ ದೊಡ್ಡ ಮೊತ್ತದ ಹಣವೇ ಕೈತಪ್ಪುವ ಭಯ ಹುಟ್ಟಿ, ಕೆಲವು ಪ್ರಾಂತ್ಯಗಳ ಸಭೆಗಳು ತಮ್ಮ ನಿರ್ಣಯ ವಾಪಸ್ ತೆಗೆದುಕೊಂಡವು. ಕೆಲವನ್ನು ಕೋರ್ಟುಗಳೇ ರದ್ದು ಮಾಡಿದವು.

ಇಲ್ಲಿ ನನಗೊಂದು ಲೆಕ್ಕ ಸ್ಪಷ್ಟವಾಯಿತು. ಬಲವಿಲ್ಲದ ಕಾಗದವೊಂದು ಜನರನ್ನು ಅಷ್ಟು ನೋಯಿಸಬಹುದು ಎಂದು ಒಪ್ಪಿದರೆ, ಅಂಥದ್ದೇ ಇನ್ನೊಂದು ಕಾಗದದಿಂದ ಏನೂ ಉಪಯೋಗವಿಲ್ಲ ಎಂದು ಹೇಳಲು ಬರುವುದಿಲ್ಲ. ಒಂದು ಕಡೆಗೆ ತೂಕ ಇದ್ದರೆ ಇನ್ನೊಂದು ಕಡೆಗೂ ಇರಬೇಕು, ಅಲ್ವಾ? ನಾಟಕ ಎಂದು ಬೈಯುವ ನನ್ನ ಅನೇಕ ಪ್ರಗತಿಪರ ಸ್ನೇಹಿತರು ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟಿಲ್ಲ.

ಹಾಗಂತ ಟ್ಸಾಸ್ಕೊವ್‌ಸ್ಕಿ ಅವರನ್ನು ನಾನು ತಲೆಮೇಲೆ ಹೊತ್ತುಕೊಳ್ಳುವುದಿಲ್ಲ. ಅವರು 2025ರಲ್ಲಿ ದೇಶದ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಏಪ್ರಿಲ್‌ನಲ್ಲಿ ಒಂದು ಟಿವಿ ಚರ್ಚೆಯ ಮಧ್ಯೆ ಎದುರಾಳಿ ಕರೋಲ್ ನವ್ರೊಟ್‌ಸ್ಕಿ ಒಂದು ಪುಟ್ಟ ಕಾಮನಬಿಲ್ಲಿನ ಬಾವುಟ ತಂದು ಅವರ ಮೇಜಿನ ಮೇಲೆ ಇಟ್ಟರು. ಮುಜುಗರ ಮಾಡುವುದೇ ಉದ್ದೇಶ. ವಾರ್ಸಾದ ಮೇಯರ್ ಅದನ್ನು ಯಾರಿಗೂ ಕಾಣದಂತೆ ಕೆಳಗೆ ಇಟ್ಟುಬಿಟ್ಟರು. ಎಡಪಕ್ಷದ ಅಭ್ಯರ್ಥಿ ಮಗ್ದಲೇನ ಬಿಯೇಯಾಟ್ ಎದ್ದು ಬಂದು, ನನಗೆ ಇದರ ನಾಚಿಕೆ ಇಲ್ಲ ಎಂದು ಆ ಬಾವುಟ ತೆಗೆದುಕೊಂಡು ಹೋದರು. ಜೂನ್ 1ರ ಚುನಾವಣೆಯಲ್ಲಿ ಟ್ಸಾಸ್ಕೊವ್‌ಸ್ಕಿ ಕೂದಲೆಳೆಯಲ್ಲಿ ಸೋತರು. ಬಚ್ಚಿಟ್ಟರೂ ಸೋತರು ಅಂತ ಹೇಳಬೇಕು. ರಾಜಧಾನಿಯ ಮೇಯರ್ ಆಗಿದ್ದಾಗ ಓಟು ತಂದುಕೊಟ್ಟ ಬಾವುಟ ಇಡೀ ದೇಶದ ಮುಂದೆ ಭಾರವಾಯಿತು. ಬೆಂಬಲ ಎಷ್ಟು ಗಟ್ಟಿ ಎಂಬುದು ಇಂಥ ಒಂದೆರಡು ಕ್ಷಣದಲ್ಲಿ ಗೊತ್ತಾಗುತ್ತದೆ.

ನನ್ನ ಗೆಳೆಯನೊಬ್ಬ ಗೇ. ಬಾವುಟದ ವಿಚಾರ ಬಂದಾಗ ಅವನು ಹೇಳಿದ್ದು ಹೀಗೆ: "ಅದು ಹಾರ್ತಾ ಇದ್ದಾಗ ನಾನು ಗಮನಿಸೋದೇ ಇಲ್ಲ. ಅದನ್ನ ಇಳಿಸಿ ಅಂತ ಯಾರೋ ಸಭೇಲಿ ಎದ್ದು ನಿಂತಾಗ ಮಾತ್ರ ಹೊಟ್ಟೆ ಕಿವುಚುತ್ತೆ. ಆಗ ಚಪ್ಪಾಳೆ ಹೊಡೆದೋರು ಯಾರು ಅಂತ ನೋಡ್ತೀನಿ." ಸ್ಥಳೀಯ ರಾಜಕೀಯದ ಗುಟ್ಟು ಇದರಲ್ಲೇ ಇದೆ ಅನ್ನಿಸುತ್ತದೆ. ಪಾರ್ಲಿಮೆಂಟಿನಲ್ಲಿ ಕೈ ಎತ್ತಿದವರು ಎಲ್ಲೋ ದೂರದಲ್ಲಿರುತ್ತಾರೆ. ಕೌನ್ಸಿಲರ್ ಹಾಗಲ್ಲ. ಅವರ ಮಗಳು ನಿಮ್ಮ ಮಗನ ಕ್ಲಾಸಿನಲ್ಲಿ ಇರಬಹುದು. ಅವರು ನಿಮ್ಮ ಪರವೋ ವಿರುದ್ಧವೋ ಕೈ ಎತ್ತಿದ ಮಾರನೆಯ ದಿನ ರಸ್ತೆಯಲ್ಲಿ ಎದುರಾಗುತ್ತಾರೆ.

ಹಾಗಾದರೆ ಮನಸ್ಸಿಲ್ಲದ ಮೇಯರ್ ಕೈಯಿಂದ ಬಲವಂತವಾಗಿ ಘೋಷಣೆ ಮಾಡಿಸಿದರೆ? ಕೆನಡಾದಲ್ಲಿ ಇದು ನಿಜವಾಗಿಯೇ ಕೋರ್ಟಿನ ಥರದ ಮಂಡಳಿಗಳ ಮುಂದೆ ಹೋಗಿದೆ, ಅದೂ ಮತ್ತೆ ಮತ್ತೆ. ಒಂಟೇರಿಯೊ ಪ್ರಾಂತ್ಯದ ಹ್ಯಾಮಿಲ್ಟನ್ ನಗರದ ಮೇಯರ್ ಪ್ರೈಡ್ ವಾರ ಘೋಷಿಸಲು ಒಪ್ಪದ್ದಕ್ಕೆ 1995ರಲ್ಲಿ ದಂಡ ಬಿತ್ತು. ಅದೇ ಪ್ರಾಂತ್ಯದ ಲಂಡನ್ ನಗರದಲ್ಲಿ ಮೇಯರ್ ಡಯಾನ್ ಹ್ಯಾಸ್ಕೆಟ್ ಇದೇ ರೀತಿ ನಿರಾಕರಿಸಿದರು. 1997ರಲ್ಲಿ ಚುನಾವಣೆ ಹತ್ತಿರ ಇರುವಾಗಲೇ ಅವರ ವಿರುದ್ಧ ತೀರ್ಪು ಬಂತು, ನಗರ ಮತ್ತು ಮೇಯರ್ ಸೇರಿ 10,000 ಡಾಲರ್ ಕೊಡಬೇಕಾಯಿತು. ಅವರು ಸಂಬಳವಿಲ್ಲದ ರಜೆ ಹಾಕಿ ಪ್ರಚಾರದಿಂದಲೂ ದೂರ ಉಳಿದರು. ಆದರೂ ಭಾರಿ ಅಂತರದಲ್ಲಿ ಗೆದ್ದರು. ಕೆಲೌನ ಎಂಬಲ್ಲಿನ ಮೇಯರ್ ಇನ್ನೂ ಜಾಣರು. ಸಲಿಂಗಿಗಳಿಗಾಗಿ ಒಂದು ದಿನ ಘೋಷಿಸಿದರು, ಆದರೆ ಅದರ ಹೆಸರಿನಿಂದ ಪ್ರೈಡ್ ಎಂಬುದನ್ನು ಮಾತ್ರ ತೆಗೆದುಹಾಕಿದರು. ಅದೂ ತಾರತಮ್ಯವೇ ಎಂದು ಅಲ್ಲಿನ ಮಂಡಳಿ ಹೇಳಿತು.

ತೀರಾ ಈಚಿನದು ಇಮೊ ಎಂಬ ಪುಟ್ಟ ಊರಿನದು. ಸಾವಿರದ ಚಿಲ್ಲರೆ ಜನ. 2020ರಲ್ಲಿ ಪ್ರೈಡ್ ತಿಂಗಳು ಘೋಷಿಸಿ ಎಂಬ ಕೋರಿಕೆ ಅಲ್ಲಿನ ಕೌನ್ಸಿಲ್‌ನಲ್ಲಿ 3-2ರಿಂದ ಬಿದ್ದುಹೋಯಿತು. ಇನ್ನೊಂದು ಕಡೆಯವರಿಗೆ ಬಾವುಟ ಎಲ್ಲಿದೆ ಎಂಬ ಅರ್ಥದ ಮಾತು ಸಭೆಯಲ್ಲಿ ಮೇಯರ್ ಬಾಯಿಂದ ಬಂತು. ತಮಾಷೆ ಏನೆಂದರೆ ಊರಿನ ಕಚೇರಿಗೆ ಬಾವುಟದ ಕಂಬವೇ ಇರಲಿಲ್ಲ. 2024ರ ನವೆಂಬರ್‌ನಲ್ಲಿ ಒಂಟೇರಿಯೊದ ಮಾನವ ಹಕ್ಕು ನ್ಯಾಯಮಂಡಳಿ ಊರು 10,000 ಡಾಲರ್, ಮೇಯರ್ ತಮ್ಮ ಜೇಬಿನಿಂದ 5,000 ಡಾಲರ್ ಕೊಡಬೇಕು, ಮಾನವ ಹಕ್ಕುಗಳ ತರಬೇತಿಯನ್ನೂ ಮುಗಿಸಬೇಕು ಎಂದಿತು.

ಈ ತೀರ್ಪುಗಳ ಬಗ್ಗೆ ನನ್ನ ಮನಸ್ಸು ಎರಡಾಗಿದೆ. ವಾದ ಅರ್ಥವಾಗುತ್ತದೆ. ಊರಿನ ಎಲ್ಲ ಸಂಘಗಳಿಗೂ ಕೇಳಿದ ಕೂಡಲೇ ದಿನ, ವಾರ ಘೋಷಿಸಿ ಕೊಡುವ ನಗರಸಭೆ ಒಬ್ಬರಿಗೆ ಮಾತ್ರ ಬಾಗಿಲು ಹಾಕಿದರೆ ಅದು ಅಭಿಪ್ರಾಯವಾಗಿ ಉಳಿಯುವುದಿಲ್ಲ, ಸೇವೆ ನಿರಾಕರಿಸಿದಂತೆ. ನೀರಿನ ನಲ್ಲಿ ಕೊಡುವಾಗ ಮುಖ ನೋಡಬಾರದು, ಘೋಷಣೆ ಕೊಡುವಾಗಲೂ ನೋಡಬಾರದು. ಇಷ್ಟು ಸರಿ. ಆದರೆ ದಂಡ ಹಾಕಿ ಮಾಡಿಸಿದ ಘೋಷಣೆಯಲ್ಲಿ ಬೆಂಬಲ ಎಲ್ಲಿದೆ? ಹ್ಯಾಸ್ಕೆಟ್ ಅವರಿಗೆ ಆ ತೀರ್ಪು ಓಟು ತಂದುಕೊಟ್ಟಿತೇ ಹೊರತು ಕಳೆಯಲಿಲ್ಲ. ನಾನಾಗಿದ್ದರೆ ಆ ಮೇಯರನ್ನು ಅವರ ಪಾಡಿಗೆ ಬಿಟ್ಟು ಮುಂದಿನ ಚುನಾವಣೆಗೆ ಇನ್ನೊಬ್ಬರನ್ನು ಹುಡುಕುತ್ತಿದ್ದೆನೇನೋ. ಇದನ್ನು ಆ ಊರಿನಲ್ಲಿ ಬದುಕಬೇಕಿಲ್ಲದ ನಾನು ಹೇಳುವುದು ಸುಲಭ, ಅದೂ ಗೊತ್ತಿದೆ.

ಈಗ ಜಪಾನಿಗೆ ಬರೋಣ. ಈ ಬರಹ ಶುರು ಮಾಡಿದ್ದೇ ಅದನ್ನು ಹೇಳುವುದಕ್ಕೆ.

ಟೋಕಿಯೊದ ಶಿಬುಯ ವಾರ್ಡಿನ ಕೌನ್ಸಿಲರ್ ಆಗಿದ್ದ ಕೆನ್ ಹಸೆಬೆ 2012ರಲ್ಲಿ ಸಭೆಯಲ್ಲಿ ಒಂದು ಸಲಹೆ ಇಟ್ಟರು. (ಟೋಕಿಯೊದ ಇಂಥ ವಾರ್ಡು ಎಂದರೆ ತನ್ನದೇ ಮೇಯರ್, ತನ್ನದೇ ಸಭೆ ಇರುವ ನಗರಸಭೆಯ ಹಾಗೆ.) ಒಟ್ಟಿಗೆ ಬದುಕುವ ಸಲಿಂಗಿ ಜೋಡಿಗಳಿಗೆ ವಾರ್ಡಿನಿಂದಲೇ ಒಂದು ಸರ್ಟಿಫಿಕೇಟ್ ಕೊಟ್ಟರೆ ಹೇಗೆ? ಜಪಾನಿನಲ್ಲಿ ಸಲಿಂಗಿ ಮದುವೆಗೆ ಕಾನೂನು ಇಲ್ಲ, ವಾರ್ಡಿಗೆ ಆ ಕಾನೂನು ಮಾಡುವ ಅಧಿಕಾರವೂ ಇಲ್ಲ. ಸರ್ಟಿಫಿಕೇಟ್ ಕೊಟ್ಟರೂ ಅದು ಮದುವೆಯಾಗುವುದಿಲ್ಲ. ಆದರೂ 2015ರ ಮಾರ್ಚ್ 31ರಂದು ಶಿಬುಯದ ಸಭೆ ಅದಕ್ಕೆ ಒಪ್ಪಿಗೆ ಕೊಟ್ಟಿತು. ಆ ವರ್ಷವೇ ಹಸೆಬೆ ಮೇಯರ್ ಆದರು. ನವೆಂಬರ್ 5ರಂದು ಶಿಬುಯ ಮತ್ತು ಸೆತಗಾಯ ಎರಡೂ ವಾರ್ಡುಗಳು ಕಾಗದ ಕೊಡಲು ಶುರು ಮಾಡಿದವು. ಸೆತಗಾಯದಲ್ಲಿ ಈ ವಿಚಾರಕ್ಕೆ ದುಡಿದ ಕೌನ್ಸಿಲರ್ ಅಯ ಕಮಿಕವ ಸ್ವತಃ ಟ್ರಾನ್ಸ್‌ಜೆಂಡರ್ ಮಹಿಳೆ, 2003ರಲ್ಲೇ ಗೆದ್ದು ಬಂದವರು. ಶಿಬುಯದಲ್ಲಿ ನೋಟರಿ ಮುಂದೆ ಮಾಡಿಸಿದ ಪತ್ರಗಳು ಬೇಕಿತ್ತು, ಅದಕ್ಕೆ ಖರ್ಚೂ ಇತ್ತು. ಸೆತಗಾಯದಲ್ಲಿ ಸಿಬ್ಬಂದಿಯ ಮುಂದೆ ಪ್ರಮಾಣ ಮಾಡಿ ಸಹಿ ಹಾಕಿದರೆ ಸಾಕಿತ್ತು.

ಕಾನೂನಿನ ಕಣ್ಣಿಗೆ ಎರಡೂ ಬಿಳಿ ಹಾಳೆ. ಆದರೆ ಆ ಹಾಳೆ ಹಿಡಿದು ಜನ ಬೇರೆ ಬೇರೆ ಕೌಂಟರುಗಳ ಮುಂದೆ ನಿಂತರು. ಮೊಬೈಲ್ ಕಂಪನಿಗಳು ಇದನ್ನು ನೋಡಿ ಕುಟುಂಬದ ರಿಯಾಯಿತಿ ಕೊಟ್ಟವು. ವಿಮಾ ಕಂಪನಿಗಳು ಸಂಗಾತಿಯ ಹೆಸರನ್ನು ಫಲಾನುಭವಿ ಎಂದು ಬರೆದುಕೊಳ್ಳತೊಡಗಿದವು. ನಗರಸಭೆಯ ಬಾಡಿಗೆ ಮನೆಗೆ ಕುಟುಂಬವಾಗಿ ಅರ್ಜಿ ಹಾಕಲು, ಆಸ್ಪತ್ರೆಯಲ್ಲಿ ಇವರು ನನ್ನವರು ಎಂದು ತೋರಿಸಲು ಒಂದು ಕಾಗದ ಸಿಕ್ಕಿತು. ಒಂದು ವಾರ್ಡು ಮಾಡಿದ್ದನ್ನು ಪಕ್ಕದವರು ನೋಡಿದರು, ಸಪ್ಪೊರೊದಂಥ ದೊಡ್ಡ ನಗರ 2017ರಲ್ಲಿ ಸೇರಿತು, ಟೋಕಿಯೊ ಮಹಾನಗರವೇ 2022ರ ನವೆಂಬರ್‌ನಲ್ಲಿ ಸೇರಿತು. 2025ರ ಹೊತ್ತಿಗೆ 500ಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳಲ್ಲಿ ಈ ವ್ಯವಸ್ಥೆ ಇತ್ತು. ಬಾವುಟದ ಫೋಟೋ ಇದಕ್ಕಿಂತ ಚೆನ್ನಾಗಿ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಸ್ಥಳೀಯ ರಾಜಕಾರಣಿಗಳು ತಮ್ಮ ಕೈಲಿರುವ ಅಷ್ಟೇ ಅಷ್ಟು ಅಧಿಕಾರವನ್ನು ಕೊನೆಯ ಹನಿವರೆಗೆ ಹಿಂಡಿದ್ದು ಇಲ್ಲಿ.

ಮಿತಿಯೂ ಅಷ್ಟೇ ಖಚಿತ. ಸಂಗಾತಿ ತೀರಿಕೊಂಡರೆ ಆಸ್ತಿ ತಾನಾಗಿ ಬರುವುದಿಲ್ಲ. ವಿದೇಶಿ ಸಂಗಾತಿಗೆ ಆ ಕಾಗದದಿಂದ ವೀಸಾ ಸಿಗುವುದಿಲ್ಲ. ಇಂಥ ಕಾಗದ ಕೊಟ್ಟು ಕೊಟ್ಟು ನಿಜವಾದ ಕಾನೂನನ್ನು ಮುಂದೂಡುವುದಕ್ಕೆ ದೊಡ್ಡ ರಾಜಕಾರಣಿಗಳಿಗೆ ನೆಪ ಸಿಗುತ್ತದೆ ಎಂಬ ಟೀಕೆಯಲ್ಲೂ ಸತ್ಯ ಇದೆ. ಸಪ್ಪೊರೊ ಜಿಲ್ಲಾ ಕೋರ್ಟು 2021ರ ಮಾರ್ಚ್‌ನಲ್ಲಿ ಸಲಿಂಗಿಗಳಿಗೆ ಮದುವೆ ನಿರಾಕರಿಸುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ಅದಾದ ಮೇಲೂ ಅಲ್ಲಿನ ಸಂಸತ್ತು ಮದುವೆ ಕಾನೂನು ತರಲಿಲ್ಲ.

ಕೈಲಿಲ್ಲದ ಅಧಿಕಾರವನ್ನೂ ಕಿತ್ತುಕೊಂಡು ಬಳಸಿದವರಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೊ ಮೇಯರ್ ಗ್ಯಾವಿನ್ ನ್ಯೂಸಮ್ 2004ರ ಫೆಬ್ರುವರಿ 12ರಿಂದ ಸಲಿಂಗಿ ಜೋಡಿಗಳಿಗೆ ಮದುವೆ ಲೈಸೆನ್ಸ್ ಕೊಡಿಸಿದರು. ಕೋರ್ಟು ತಡೆಯುವಷ್ಟರಲ್ಲಿ ಸುಮಾರು 4,000 ಜೋಡಿಗಳ ಮದುವೆ ಆಗಿತ್ತು. ಆಗಸ್ಟ್‌ನಲ್ಲಿ ಎಲ್ಲವೂ ಅಸಿಂಧು ಎಂದು ತೀರ್ಪು ಬಂತು. ನವೆಂಬರ್‌ನಲ್ಲಿ ಒಂದೇ ದಿನ 11 ರಾಜ್ಯಗಳ ಮತದಾರರು ಸಲಿಂಗಿ ಮದುವೆ ನಿಷೇಧಕ್ಕೆ ಓಟು ಹಾಕಿದರು. ನ್ಯೂಸಮ್ ಅವರ ಪಕ್ಷದವರೇ ಆದ ಸೆನೆಟರ್ ಡಯಾನ್ ಫೈನ್‌ಸ್ಟೈನ್ ಇದೆಲ್ಲ ಜಾಸ್ತಿ ಆಯಿತು, ಬೇಗ ಆಯಿತು ಎಂದು ಗೊಣಗಿದರು. ಅವರೇ ಆ ಊರಿನ ಮೇಯರ್ ಆಗಿದ್ದಾಗ, 1982ರಲ್ಲಿ, ಮದುವೆಯಾಗದ ಸಂಗಾತಿಗಳಿಗೆ ಸೌಲಭ್ಯ ಕೊಡುವ ಮಸೂದೆಗೆ ವೀಟೊ ಹಾಕಿದ್ದರು ಎಂಬುದನ್ನು ಪಕ್ಕದಲ್ಲಿಟ್ಟು ಓದಬೇಕು. ನ್ಯೂಸಮ್ ಕೊಡಿಸಿದ 4,000 ಕಾಗದ ರದ್ದಾದವು, ನಿಜ. ಆದರೆ ಆ ಜಗಳದಿಂದ ಹುಟ್ಟಿದ ಮೊಕದ್ದಮೆಗಳಲ್ಲೇ 2008ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯದ ಸುಪ್ರೀಂ ಕೋರ್ಟು ಸಲಿಂಗಿ ಮದುವೆಗೆ ಒಪ್ಪಿಗೆ ಕೊಟ್ಟದ್ದು. ಫ್ರಾನ್ಸಿನ ಬೆಗ್ಲ್ ಊರಿನ ಮೇಯರ್ ನೊಯೆಲ್ ಮಾಮೇರ್ ಅದೇ 2004ರ ಜೂನ್‌ನಲ್ಲಿ ಇಬ್ಬರು ಗಂಡಸರ ಮದುವೆ ಮಾಡಿಸಿ ಒಂದು ತಿಂಗಳು ಅಮಾನತಾದರು. ಆ ಮದುವೆಯೂ ಅಸಿಂಧುವಾಯಿತು. ಕಾನೂನು ಬರಲು 2013 ಬೇಕಾಯಿತು.

2025ರ ಜೂನ್ 28ರಂದು ಬುಡಾಪೆಸ್ಟ್‌ನಲ್ಲಿ ನಡೆದದ್ದೂ ಇದೇ ಜಾತಿಯದು. ಹಂಗೇರಿಯ ಸರಕಾರ ಪ್ರೈಡ್ ಮೆರವಣಿಗೆ ನಿಷೇಧಿಸಲು ಕಾನೂನು ತಂದಿತ್ತು. ಭಾಗವಹಿಸಿದವರಿಗೆ ದಂಡ, ಮುಖ ಗುರುತಿಸುವ ಕ್ಯಾಮೆರಾ, ಆಯೋಜಕರಿಗೆ ಜೈಲಿನ ಬೆದರಿಕೆ. ಮೇಯರ್ ಗೆರ್ಗೆಯ್ ಕರಾಚೋನಿ ಇದು ನಗರಸಭೆಯದೇ ಕಾರ್ಯಕ್ರಮ ಎಂದು ಘೋಷಿಸಿದರು. ಒಂದು ಲಕ್ಷಕ್ಕಿಂತ ಹೆಚ್ಚು ಜನ ಬೀದಿಗೆ ಬಂದರು. ಆಮೇಲೆ ಪೊಲೀಸರು ಮೇಯರನ್ನು ಕರೆಸಿ ವಿಚಾರಣೆ ಮಾಡಿದರು. ಈ ಬೆಂಬಲದಲ್ಲಿ ಮೇಯರ್ ಏನನ್ನು ಪಣಕ್ಕಿಟ್ಟರು ಎಂದು ಕೇಳಬೇಕಾಗಿಯೇ ಇಲ್ಲ.

ಇವರೆಲ್ಲ ಮನಸಾರೆ ಮಾಡಿದರೋ, ಓಟಿಗಾಗಿ ಮಾಡಿದರೋ? ಈ ಪ್ರಶ್ನೆಯಲ್ಲಿ ನನಗೆ ಈಗ ಅಷ್ಟು ಆಸಕ್ತಿ ಇಲ್ಲ. ಸಲಿಂಗಿಗಳ ಓಟಿಗೆ ಒಬ್ಬ ರಾಜಕಾರಣಿ ಆಸೆಪಡುತ್ತಾರೆ ಎಂದರೆ ಆ ಓಟು ಲೆಕ್ಕಕ್ಕೆ ಬಂದಿದೆ ಎಂದರ್ಥ. ರಸ್ತೆ ಗುಂಡಿ ಮುಚ್ಚಿಸುವವರನ್ನು ನಾವು ಮನಸಾರೆ ಮುಚ್ಚಿಸಿದಿರಾ ಎಂದು ಕೇಳುವುದಿಲ್ಲವಲ್ಲ. ನಾನು ನೋಡುವುದು ಜುಲೈ ತಿಂಗಳಲ್ಲಿ. ಅದೇ ಮೇಯರ್ ಕೈಕೆಳಗಿನ ಅರ್ಜಿಗಳಲ್ಲಿ ಇಬ್ಬರು ಅಮ್ಮಂದಿರ ಹೆಸರು ಬರೆಯಲು ಜಾಗ ಇದೆಯೇ? ಮನೆ ಬಿಟ್ಟು ಬಂದ ಹುಡುಗನಿಗೆ ಮಲಗಲು ಹಾಸಿಗೆ ಇದೆಯೇ, ಅದಕ್ಕೆ ಬಜೆಟ್ಟಿನಲ್ಲಿ ಒಂದು ಸಾಲು ಇದೆಯೇ? ನಗರಸಭೆಯ ನೌಕರ ತನ್ನ ಸಂಗಾತಿಯ ಕಾಯಿಲೆಗೆ ರಜೆ ಕೇಳಿದರೆ ಮೇಲಧಿಕಾರಿ ಏನನ್ನುತ್ತಾರೆ? ಇವಕ್ಕೆ ಉತ್ತರ ಇದ್ದರೆ ಬಾವುಟ ಎಷ್ಟು ದೊಡ್ಡದಾದರೂ ಇರಲಿ, ನನಗೆ ತಕರಾರಿಲ್ಲ.

ಬಾವುಟ ಮತ್ತು ಕಾಯಿದೆ ಎರಡೂ ಹುಟ್ಟಿನಿಂದ ಶತ್ರುಗಳೇನೂ ಅಲ್ಲ. ಹಾರ್ವೆ ಮಿಲ್ಕ್ ಸ್ಯಾನ್ ಫ್ರಾನ್ಸಿಸ್ಕೊದ ಆಡಳಿತ ಮಂಡಳಿಗೆ 1977ರಲ್ಲಿ ಗೆದ್ದರು, ತಾನು ಗೇ ಎಂದು ಹೇಳಿಕೊಂಡೇ. 1978ರಲ್ಲಿ ಕೆಲಸ, ಮನೆ ಬಾಡಿಗೆಯಲ್ಲಿ ಸಲಿಂಗಿಗಳಿಗೆ ತಾರತಮ್ಯ ಮಾಡುವಂತಿಲ್ಲ ಎಂಬ ಕಾಯಿದೆಯನ್ನು ಮಂಡಳಿ ಒಂದೇ ಒಂದು ವಿರೋಧದ ಓಟಿನೊಂದಿಗೆ ಒಪ್ಪಿತು. ಮೇಯರ್ ಜಾರ್ಜ್ ಮೊಸ್ಕೋನಿ ಸಹಿ ಹಾಕಿದರು. ಗಿಲ್ಬರ್ಟ್ ಬೇಕರ್ ಮತ್ತು ಗೆಳೆಯರು ಮಾಡಿದ ಮೊದಲ ಕಾಮನಬಿಲ್ಲಿನ ಬಾವುಟ ಅದೇ ಊರಿನಲ್ಲಿ, ಅದೇ ವರ್ಷ ಜೂನ್ 25ರಂದು ಹಾರಿತು. ಮಿಲ್ಕ್ ಅವರಿಗೆ ಆ ದಿನಗಳಲ್ಲಿ ಊರ ತುಂಬ ಹೆಸರು ತಂದದ್ದು ಮಾತ್ರ ಮತ್ತೊಂದು ಕಾಯಿದೆ: ರಸ್ತೆಯಲ್ಲಿ ನಾಯಿ ಗಲೀಜು ಮಾಡಿದರೆ ಅದರ ಮಾಲೀಕರೇ ಎತ್ತಬೇಕು ಎಂಬುದು.